ಮುಂಬಯಿಯಲ್ಲಿ ಕಡಿಮೆ ಬಜೆಟ್‌ಗೆ ಬಾಡಿಗೆ ಮನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಊರಿನಲ್ಲಿ ಯಾರಿಗಾದರೂ ಮುಂಬಯಿಯಲ್ಲಿ ಕೆಲಸ ಸಿಕ್ಕಿತು ಅಂದರೆ ಮೂರನೇ ದಿನ ನನಗೆ ಫೋನ್ ಬರುತ್ತದೆ. "ಒಂದು ಸಣ್ಣ ಮನೆ ನೋಡಿ ಕೊಡಿ ಅಣ್ಣ. ಸ್ಟೇಷನ್ ಹತ್ತಿರ ಇರಲಿ, ಬಾಡಿಗೆ ಕಡಿಮೆ ಇರಲಿ, ನೀರು ದಿನವಿಡೀ ಬರಲಿ." ಅಂಥ ಮನೆ ಸಿಕ್ಕರೆ ಮೊದಲು ನಾನೇ ಹೋಗಿ ಕೂರುತ್ತೇನೆ ಮಾರಾಯರೇ. ಕುಮಟಾ ಬಿಟ್ಟು ಇಲ್ಲಿಗೆ ಬಂದು 16 ವರ್ಷ ಆಯಿತು. ಮರೋಳ್‌ನಲ್ಲಿ ಕಾಟ್ ಬೇಸಿಸ್, ಭಾಂಡೂಪ್‌ನಲ್ಲಿ ಚಾಳಿನ (ಸಾಲುಮನೆಯ) ಖೋಲಿ, ಅಂದರೆ ಒಂದು ಕೋಣೆ, ಮೀರಾ ರೋಡ್‌ನಲ್ಲಿ ಮೇಲಿನ ಮಹಡಿಯ ಫ್ಲ್ಯಾಟು, ಈಗ ಡೊಂಬಿವಲಿ. ಫೋನಿನಲ್ಲಿ ಹೇಳಿದ್ದನ್ನೇ ಹೇಳಿ ಬಾಯಿ ನೋಯುತ್ತಿದೆ. ಅದಕ್ಕೇ ಬರೆದಿಟ್ಟಿದ್ದೇನೆ.

ಕೈಯಲ್ಲಿ ಎಷ್ಟು ದುಡ್ಡು ಇಟ್ಟುಕೊಂಡು ಹುಡುಕಲು ಶುರು ಮಾಡಬೇಕು?

ಎಲ್ಲರೂ ತಿಂಗಳ ಬಾಡಿಗೆ ಲೆಕ್ಕ ಹಾಕಿಕೊಂಡು ಬರುತ್ತಾರೆ. ಬೀಗ ತೆಗೆಯುವ ಮೊದಲೇ ಕೊಡಬೇಕಾದ ದುಡ್ಡಿನ ಲೆಕ್ಕ ಯಾರೂ ಹಾಕುವುದಿಲ್ಲ. ಬಾಡಿಗೆ 15,000 ಅಂತ ಇಟ್ಟುಕೊಳ್ಳಿ. ನಾಲ್ಕು ತಿಂಗಳ ಡಿಪಾಸಿಟ್ ಕೇಳಿದರೆ 60,000. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, ಅಂದರೆ 15,000. ಮೊದಲ ತಿಂಗಳ ಬಾಡಿಗೆ ಮುಂಗಡ, ಇನ್ನೊಂದು 15,000. ಅಗ್ರಿಮೆಂಟಿನ ಖರ್ಚು, ಟೆಂಪೋ, ಬಕೆಟ್, ಚಾಪೆ ಸೇರಿದರೆ ಹತ್ತಿರ ಹತ್ತಿರ ಒಂದು ಲಕ್ಷ. ಬೆಂಗಳೂರಿನಲ್ಲಿ 10 ತಿಂಗಳ ಅಡ್ವಾನ್ಸ್ ಕೊಟ್ಟು ಬಂದವರಿಗೆ ಇಲ್ಲಿಯ ಡಿಪಾಸಿಟ್ ಅಗ್ಗ ಅನಿಸಬಹುದು. ಆದರೆ ಇಲ್ಲಿ ಬ್ರೋಕರ್ ಪದೇ ಪದೇ ಬರುತ್ತಾನೆ. ಅದನ್ನು ಮುಂದೆ ಹೇಳುತ್ತೇನೆ.

ಆಮೇಲೆ ತಿಂಗಳ ಲೆಕ್ಕ. ಬಾಡಿಗೆಯ ಜೊತೆ ಟ್ರೇನ್ ಪಾಸ್ ಮತ್ತು ಶೇರ್ ರಿಕ್ಷಾ ಸೇರಿಸಿ ಕೂಡಿಸಿ. ಪಾಸ್ ಅಗ್ಗ, ರಿಕ್ಷಾ ಅಲ್ಲ. ಮನೆಯಿಂದ ಸ್ಟೇಷನ್‌ಗೆ ತಲೆಗೆ 20 ರೂಪಾಯಿ ಅಂದರೆ ಹೋಗಿ ಬಂದು 40. ತಿಂಗಳಿಗೆ 25 ದಿನ ಅಂದರೆ 1,000. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರಾದರೆ 2,000. ಸ್ಟೇಷನ್‌ನಿಂದ ದೂರ ಹೋಗಿ ಬಾಡಿಗೆಯಲ್ಲಿ ಉಳಿಸಿದ್ದು ರಿಕ್ಷಾದವನ ಜೇಬಿಗೆ ಹೋಯಿತು ಅಷ್ಟೇ. ಜೊತೆಗೆ ದಿನಾ ಕ್ಯೂ ಬೇರೆ.

ಯಾವ ಏರಿಯಾ ಒಳ್ಳೆಯದು?

ಏರಿಯಾ ಕೇಳಬೇಡಿ, ಲೋಕಲ್ ಟ್ರೇನಿನ ಲೈನ್ ಕೇಳಿ. ಆಫೀಸು ಯಾವ ಸ್ಟೇಷನ್ ಹತ್ತಿರ ಇದೆಯೋ ಅದೇ ಲೈನಿನಲ್ಲಿ ಮನೆ ನೋಡಿ. ಟ್ರೇನ್ ಬದಲಿಸದೆ ಹೋಗುವ 70 ನಿಮಿಷ ಸಹಿಸಬಹುದು. ಲೈನ್ ಬದಲಿಸಲು ದಾದರ್‌ನ ಸೇತುವೆ ಹತ್ತಿ ಇಳಿದು ಹೋಗುವ 50 ನಿಮಿಷ ಮೈ ಮುರಿಯುತ್ತದೆ.

ಬಾಡಿಗೆ ಇಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಮುಂಬಯಿ ಪಾಲಿಕೆಯ ಗಡಿ ದಾಟಿದರೆ ಒಂದು ಮೆಟ್ಟಿಲು, ಖಾಡಿ, ಅಂದರೆ ಒಳಗೆ ಚಾಚಿದ ಸಮುದ್ರದ ನೀರು, ದಾಟಿದರೆ ಇನ್ನೊಂದು. ವೆಸ್ಟರ್ನ್ ಲೈನಿನಲ್ಲಿ ದಹಿಸರ್ ದಾಟಿದರೆ ಮೀರಾ ರೋಡ್, ಭಾಯಂದರ್. ಖಾಡಿಯ ಆಚೆ ನಾಯಗಾಂವ್, ವಸಾಯಿ, ನಾಲಾಸೋಪಾರಾ, ವಿರಾರ್. ಸೆಂಟ್ರಲ್‌ನಲ್ಲಿ ಮುಲುಂಡ್ ದಾಟಿ ಠಾಣೆ, ಆಮೇಲೆ ಕಳವಾ, ಮುಂಬ್ರಾ, ದಿವಾ, ಡೊಂಬಿವಲಿ, ಕಲ್ಯಾಣ್. ಕಲ್ಯಾಣ್‌ನಿಂದ ಅಂಬರನಾಥ್, ಬದಲಾಪುರದ ಕಡೆ ಹೋದರೆ ಇನ್ನೂ ಕಡಿಮೆ. ಹಾರ್ಬರ್‌ನಲ್ಲಿ ಮಾನಖುರ್ದ್ ಆದ ಮೇಲೆ ಖಾಡಿ ದಾಟಿ ವಾಶಿ, ನೆರೂಳ್, ಬೇಲಾಪುರ, ಖಾರಘರ್, ಪನವೇಲ್. ವಾಶಿ, ನೆರೂಳ್ ಖಾಡಿಯ ಆಚೆ ಇದ್ದರೂ ಅಗ್ಗ ಅಲ್ಲ, ಅಲ್ಲಿ ಈ ಲೆಕ್ಕ ನಡೆಯುವುದಿಲ್ಲ.

ಐರೋಳಿ, ಮಹಾಪೆ ಕಡೆ ಆಫೀಸು ಇರುವವರು ಮುಂಬಯಿಯೊಳಗೆ ಹುಡುಕುವುದೇ ದಂಡ. ಠಾಣೆಯಿಂದ ವಾಶಿಗೆ ಟ್ರಾನ್ಸ್ ಹಾರ್ಬರ್ ಟ್ರೇನ್ ಇದೆ. ಆ ದಾರಿಯಲ್ಲಿ ಘಣಸೋಲಿ, ಕೋಪರಖೈರಣೆಯ ಗಾಂವ್‌ಠಾಣ್‌ಗಳಲ್ಲಿ, ಅಂದರೆ ಹಳೇ ಊರಿನ ಭಾಗದಲ್ಲಿ, ಸಣ್ಣ ಮನೆ ಕಡಿಮೆಗೆ ಸಿಗುತ್ತದೆ. ಅಂಧೇರಿ ಈಸ್ಟ್‌ನ ಆಫೀಸಿಗೆ ಸೆಂಟ್ರಲ್ ಲೈನಿನವರೂ ಹೋಗಬಹುದು. 2014ರಲ್ಲಿ ಘಾಟಕೋಪರ್–ವರ್ಸೋವಾ ಮೆಟ್ರೋ ಬಂದ ಮೇಲೆ ದಾದರ್ ಸುತ್ತುವ ಕೆಲಸ ತಪ್ಪಿದೆ.

ಇನ್ನೊಂದು ಮಾತು. ಈಸ್ಟ್, ವೆಸ್ಟ್ ಅಂತ ಕೇಳಿದಾಗ ಹಗುರವಾಗಿ ತೆಗೆದುಕೊಳ್ಳಬೇಡಿ. ಸ್ಟೇಷನ್ ಎರಡೂ ಕಡೆಗೆ ಒಂದೇ. ಆದರೆ ತಪ್ಪು ಕಡೆಗೆ ಮನೆ ಮಾಡಿದರೆ ಅಂಗಡಿ, ಶಾಲೆ, ಡಾಕ್ಟರು ಎಲ್ಲದಕ್ಕೂ ಸೇತುವೆ ಹತ್ತಬೇಕು.

ಮನೆ ನೋಡಲು ಭಾನುವಾರ ಬಂದರೆ ಸಾಕಾ?

ಸಾಲದು. ನಾನು ಡೊಂಬಿವಲಿಯ ಮನೆ ನೋಡಲು ಬಂದದ್ದು ಭಾನುವಾರ ಸಂಜೆ. ಕಿಟಕಿ ಪಕ್ಕ ಸೀಟು ಸಿಕ್ಕಿತ್ತು. ಮುಂಬ್ರಾದ ಗುಡ್ಡ ನೋಡುತ್ತಾ, ಕಡಲೆಕಾಯಿ ತಿನ್ನುತ್ತಾ ಬಂದೆ. ಇಷ್ಟು ಆರಾಮಾಗಿ ಬರಬಹುದಾದರೆ ಎಲ್ಲರೂ ಯಾಕೆ ಹೆದರಿಸುತ್ತಾರೆ ಅಂದುಕೊಂಡೆ. ಮನೆಗೆ ಬಂದು ಸೇರಿದ ಮೇಲೆ ಸೋಮವಾರ ಬೆಳಿಗ್ಗೆ ಎಂಟೂವರೆಗೆ ಅದೇ ಪ್ಲಾಟ್‌ಫಾರ್ಮಿನಲ್ಲಿ ನಿಂತೆ. ಮೂರು ಫಾಸ್ಟ್ ಟ್ರೇನ್ ಬಂದು ಹೋದವು. ನನ್ನ ಕೈ ಕಂಬಿಗೆ ಮುಟ್ಟಲಿಲ್ಲ. ನಾಲ್ಕನೆಯದಕ್ಕೆ ಹಿಂದಿನವರೇ ನನ್ನನ್ನು ಹತ್ತಿಸಿದರು. ಒಂದು ಚಪ್ಪಲಿ ಡೊಂಬಿವಲಿಯಲ್ಲೇ ಉಳಿಯಿತು. ಈಗ ಡೊಂಬಿವಲಿಯಿಂದಲೇ ಹೊರಡುವ ಸ್ಲೋ ಟ್ರೇನ್ ಹಿಡಿಯುತ್ತೇನೆ. 20 ನಿಮಿಷ ಜಾಸ್ತಿ ಹಿಡಿಯುತ್ತದೆ, ಆದರೆ ಮನುಷ್ಯನ ಹಾಗೆ ಇಳಿಯುತ್ತೇನೆ.

ಹಾಗಾಗಿ ಮನೆ ಇಷ್ಟವಾದರೆ ಟೋಕನ್ ಕೊಡುವ ಮೊದಲು ಒಂದು ಕೆಲಸದ ದಿನ ಬೆಳಿಗ್ಗೆ ಆ ಸ್ಟೇಷನ್‌ಗೆ ಬನ್ನಿ. ಅಲ್ಲಿಂದ ನಿಮ್ಮ ಆಫೀಸಿನ ತನಕ ಹೋಗಿ ನೋಡಿ. ಭಾನುವಾರ ಮೆಗಾಬ್ಲಾಕ್ ಇರುತ್ತದೆ, ಅಂದರೆ ಹಳಿ ರಿಪೇರಿಗೆ ಕೆಲವು ಟ್ರೇನ್ ನಿಲ್ಲಿಸುತ್ತಾರೆ, ಆ ದಿನದ ಟ್ರೇನಿನಿಂದ ಏನೂ ಗೊತ್ತಾಗುವುದಿಲ್ಲ. "ಸ್ಟೇಷನ್‌ನಿಂದ 5 ನಿಮಿಷ" ಅಂತ ಬ್ರೋಕರ್ ಹೇಳಿದರೆ ಅದು ಅವನ ಬೈಕಿನ 5 ನಿಮಿಷ. ನಡೆದು ನೋಡಿ.

1 ಆರ್‌ಕೆ, ಕಾಟ್ ಬೇಸಿಸ್, ಪಗ್ಡಿ... ಇದೆಲ್ಲ ಏನು?

1 ಆರ್‌ಕೆ ಅಂದರೆ ಒಂದು ರೂಮು, ಒಂದು ಅಡುಗೆಮನೆ. ಹಾಲೇ ಬೆಡ್‌ರೂಮು. ಕಾಟ್ ಬೇಸಿಸ್ ಅಂದರೆ ನೀವು ಬಾಡಿಗೆ ಕೊಡುವುದು ಮನೆಗಲ್ಲ, ಒಂದು ಮಂಚಕ್ಕೆ. ಮರೋಳ್‌ನ ನನ್ನ ರೂಮಿನಲ್ಲಿ ಐದು ಮಂಚ ಇದ್ದವು. ಒಬ್ಬ ರಾತ್ರಿ ಪಾಳಿಯವನು, ಅವನ ಮಂಚದಲ್ಲಿ ಹಗಲು ಅವನು, ರಾತ್ರಿ ಇನ್ನೊಬ್ಬ. ಮೊದಲ ಮೂರು ತಿಂಗಳಿಗೆ ಇದು ಕೆಟ್ಟ ಉಪಾಯ ಅಲ್ಲ. ಊರು ಪರಿಚಯವಾಗುವ ತನಕ ದೊಡ್ಡ ಡಿಪಾಸಿಟ್ ಕಟ್ಟಿ ಸಿಕ್ಕಿಬೀಳುವುದಕ್ಕಿಂತ ಒಳ್ಳೆಯದು.

ಪಗ್ಡಿ ಬೇರೆಯದೇ ಲೋಕ. ಗಿರಗಾಂವ್, ಲಾಲ್‌ಬಾಗ್, ದಾದರ್ ಕಡೆಯ ಹಳೇ ಕಟ್ಟಡಗಳಲ್ಲಿ ದೊಡ್ಡ ಮೊತ್ತ ಕೊಟ್ಟು ಬಾಡಿಗೆದಾರನ ಹಕ್ಕನ್ನೇ ಕೊಳ್ಳುವುದು. ತಿಂಗಳ ಬಾಡಿಗೆ ಹೆಸರಿಗೆ ಮಾತ್ರ. ಹಕ್ಕು ಮಾರುವಾಗ ಕಟ್ಟಡದ ಮಾಲೀಕನಿಗೆ ಪಾಲು ಕೊಡಬೇಕು. ಯಾರಾದರೂ "ಪಗ್ಡಿ ರೂಮು ಬಾಡಿಗೆಗೆ ಇದೆ" ಅಂದರೆ, ಅವರು ಸ್ವತಃ ಬಾಡಿಗೆದಾರರು ಅಂತ ಅರ್ಥ. ನಿಮಗೆ ಕೊಡಲು ಕಟ್ಟಡದ ಮಾಲೀಕನ ಒಪ್ಪಿಗೆ ಇದೆಯಾ ಅಂತ ಮೊದಲು ಕೇಳಿ.

ಹೆವಿ ಡಿಪಾಸಿಟ್ ಅಂದರೆ ನಮ್ಮ ಭೋಗ್ಯ ಅಲ್ವಾ?

ಹೌದು, ಅದೇ. ಕೆಲವು ಲಕ್ಷ ಒಟ್ಟಿಗೆ ಕೊಟ್ಟರೆ ತಿಂಗಳ ಬಾಡಿಗೆ ಇಲ್ಲ, ಅಥವಾ ತುಂಬಾ ಕಡಿಮೆ. ಊರಿನಲ್ಲಿ ತೋಟದ ದುಡ್ಡು ಬಂದವರಿಗೆ ಇದರ ಮೇಲೆ ಕಣ್ಣು. ನನ್ನ ಅಭಿಪ್ರಾಯ ಕೇಳಿದರೆ, ಬೇಡ. ಮಾಲೀಕ ಆ ದುಡ್ಡನ್ನು ಬ್ಯಾಂಕಿನಲ್ಲಿ ಇಡುವುದಿಲ್ಲ. ಸಾಲ ತೀರಿಸಲೋ, ಮಗಳ ಮದುವೆಗೋ ಖರ್ಚು ಮಾಡಿರುತ್ತಾನೆ. ನೀವು ಬಿಡುವಾಗ ಅವನು ಇನ್ನೊಬ್ಬ ಹೆವಿ ಡಿಪಾಸಿಟ್‌ನವನನ್ನು ಹುಡುಕಬೇಕು. ಫ್ಲ್ಯಾಟಿನ ಮೇಲೆ ಸಾಲ ಇದ್ದು, ಕಂತು ಕಟ್ಟದೆ ಬ್ಯಾಂಕಿನವರು ಬಂದರೆ ನಿಮ್ಮ ಲಕ್ಷಗಳಿಗೆ ಯಾರೂ ಹೊಣೆ ಇಲ್ಲ. ಮಾಡಲೇಬೇಕು ಅಂದರೆ ಪೂರ್ತಿ ಮೊತ್ತ ಬ್ಯಾಂಕ್ ಮೂಲಕವೇ ಕೊಡಿ. ಅಷ್ಟೂ ಮೊತ್ತ ನೋಂದಣಿಯಾದ ಅಗ್ರಿಮೆಂಟಿನಲ್ಲಿ ಕಾಣಬೇಕು. "ಅರ್ಧ ಕ್ಯಾಶ್ ಕೊಡಿ" ಅಂದವನ ಮನೆಯ ಮೆಟ್ಟಿಲು ಇಳಿದುಬಿಡಿ.

11 ತಿಂಗಳ ಅಗ್ರಿಮೆಂಟಿಗೆ ನೋಂದಣಿ ಬೇಕಾ? ಬೆಂಗಳೂರಿನಲ್ಲಿ ಛಾಪಾ ಕಾಗದದಲ್ಲಿ ಮುಗಿಸಿದ್ದೆವು.

ಇಲ್ಲಿ ಬೇಕು. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಂ ಪ್ರಕಾರ ಲೀವ್ ಅಂಡ್ ಲೈಸೆನ್ಸ್ ಅಗ್ರಿಮೆಂಟ್ (ಇಲ್ಲಿ ಮನೆ ಬಾಡಿಗೆಗೆ ಮಾಡುವ ಕರಾರು) 11 ತಿಂಗಳದ್ದಾದರೂ ಲಿಖಿತವಾಗಿರಬೇಕು, ನೋಂದಣಿಯೂ ಆಗಬೇಕು. ಮಾಡಿಸುವ ಹೊಣೆ ಮಾಲೀಕನದು, ನಿಮ್ಮದಲ್ಲ. ಮಾಡಿಸದಿದ್ದರೆ ಅವನಿಗೆ 3 ತಿಂಗಳ ತನಕ ಜೈಲು ಅಥವಾ 5,000 ರೂಪಾಯಿ ತನಕ ದಂಡ, ಅಥವಾ ಎರಡೂ. ಇನ್ನೂ ಮುಖ್ಯ ಸಂಗತಿ, ನೋಂದಣಿ ಆಗಿರದಿದ್ದರೆ ಷರತ್ತುಗಳ ಬಗ್ಗೆ ಬಾಡಿಗೆಗೆ ಇರುವವನು ಹೇಳಿದ್ದೇ ಸರಿ ಅಂತ ಕಾನೂನು ಹಿಡಿಯುತ್ತದೆ. ತಪ್ಪು ಅಂತ ತೋರಿಸುವ ಕೆಲಸ ಮಾಲೀಕನದು. ನೋಂದಣಿಗೆ ಹಿಂದೇಟು ಹಾಕುವ ಮಾಲೀಕನಿಗೆ ಇದನ್ನು ನಯವಾಗಿ ನೆನಪಿಸಿ.

ಖರ್ಚು ಭಾರೀ ಏನಲ್ಲ. ಸ್ಟ್ಯಾಂಪ್ ಡ್ಯೂಟಿ ನೂರಕ್ಕೆ 25 ಪೈಸೆ, ಅಂದರೆ 0.25%. ಒಟ್ಟು ಬಾಡಿಗೆ, ಜೊತೆಗೆ ಡಿಪಾಸಿಟ್ ಮೇಲೆ ವರ್ಷಕ್ಕೆ 10% ಬಡ್ಡಿ ಅಂತ ಲೆಕ್ಕ ಹಿಡಿದು ಕೂಡಿಸಿದ ಮೊತ್ತಕ್ಕೆ. ಬಾಡಿಗೆ 20,000, ಡಿಪಾಸಿಟ್ 1 ಲಕ್ಷ ಇದ್ದರೆ 11 ತಿಂಗಳಿಗೆ ಸುಮಾರು 575 ರೂಪಾಯಿ ಆಗುತ್ತದೆ. ನೋಂದಣಿ ಶುಲ್ಕ ಮಹಾನಗರ ಪಾಲಿಕೆ ವ್ಯಾಪ್ತಿಯಲ್ಲಿ 1,000. ಎಲ್ಲ ಆನ್‌ಲೈನ್, ಆಧಾರ್ ಮತ್ತು ಬೆರಳಚ್ಚು ಸಾಕು. ಬೆರಳಚ್ಚಿನ ಮೆಷಿನ್ ಹಿಡಿದು ಮನೆಗೇ ಬರುವ ಏಜೆಂಟರು ಇದ್ದಾರೆ. ಅವರು ಇದಕ್ಕೆ ಎಷ್ಟು ಕೇಳುತ್ತಾರೆ ನೋಡಿ, ಮೇಲಿನ ಲೆಕ್ಕ ಕಳೆಯಿರಿ. ಉಳಿದದ್ದು ಅವರ ಕೂಲಿ. ಆ ಕೂಲಿಯಲ್ಲಿ ಚೌಕಾಸಿ ಮಾಡಬಹುದು.

11 ತಿಂಗಳಿಗೇ ಮಾಡಬೇಕು ಅಂತ ನಿಯಮ ಏನಿಲ್ಲ. 22 ಅಥವಾ 33 ತಿಂಗಳಿಗೆ ಕೇಳಿ. ಬಾಡಿಗೆ ವರ್ಷಕ್ಕೆ ಇಷ್ಟು ಏರಲಿ ಅಂತ ಅದರಲ್ಲೇ ಬರೆಸಿ. ಪ್ರತಿ 11 ತಿಂಗಳಿಗೆ ಬ್ರೋಕರ್ ಬಂದು "ರಿನ್ಯೂವಲ್ ಬ್ರೋಕರೇಜ್" ಅಂತ ಕೈ ಚಾಚುವುದು ತಪ್ಪುತ್ತದೆ. ಲಾಕ್-ಇನ್, ಅಂದರೆ ಮಧ್ಯದಲ್ಲಿ ಬಿಡುವ ಹಾಗಿಲ್ಲದ ಅವಧಿ, ಎಷ್ಟು ತಿಂಗಳು, ನೋಟಿಸ್ ಎಷ್ಟು ಅಂತ ಓದಿಯೇ ಬೆರಳು ಒತ್ತಿ. ಅವಧಿ ಮುಗಿದ ಮೇಲೂ ಹಟ ಹಿಡಿದು ಕೂತರೆ ಮಾಲೀಕ ದುಪ್ಪಟ್ಟು ಬಾಡಿಗೆ ಕೇಳಬಹುದು. ಅದೂ ಅದೇ ಕಾಯ್ದೆಯಲ್ಲಿದೆ.

ಮಳೆಗಾಲದ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಮನೆ ನೋಡುವಾಗ ಏನು ಗಮನಿಸಬೇಕು?

ಮೀರಾ ರೋಡ್‌ನ ಮನೆ ನೋಡಿದ್ದು ಏಪ್ರಿಲ್‌ನಲ್ಲಿ. ಐದನೇ ಮಹಡಿ, ಅದರ ಮೇಲೆ ತಾರಸಿ. ಒಳ್ಳೇ ಗಾಳಿ. ಮಲಗುವ ಕೋಣೆಯ ಮೂರು ಗೋಡೆ ಹಳೇ ಬಣ್ಣ, ಒಂದಕ್ಕೆ ಮಾತ್ರ ಹೊಸ ತಿಳಿ ಹಸಿರು. ಹೆಂಡತಿ "ಡಿಸೈನ್ ಇರಬೇಕು" ಅಂದಳು. ನಾನೂ ಹೌದು ಅಂದೆ. ಜೂನ್ ಮೂರನೇ ವಾರ ಆ ಗೋಡೆಯಲ್ಲಿ ನಾಲ್ಕಾಣೆ ಅಗಲದ ಒಂದು ಗುಳ್ಳೆ ಎದ್ದಿತು. ನಾಲ್ಕು ದಿನಕ್ಕೆ ಅದು ಉದ್ದಿನ ಹಪ್ಪಳದಷ್ಟಾಯಿತು. ಬೆರಳಿನಿಂದ ಒತ್ತಿದರೆ ಒಳಗೆ ಮೆತ್ತಗೆ ಒದ್ದೆ. ಜುಲೈನಲ್ಲಿ ಗೋಡೆ ಬೆವರಲು ಶುರುವಾಯಿತು. ಕಪಾಟನ್ನು ಎಳೆದು ನೋಡಿದರೆ ಹಿಂದೆ ಪೂರ್ತಿ ಕಪ್ಪು ಬೂಷ್ಟು. ಮದುವೆ ಆಲ್ಬಮ್ಮಿನ ಹಾಳೆಗಳು ಒಂದಕ್ಕೊಂದು ಅಂಟಿ, ಬಿಡಿಸಿದರೆ ಅತ್ತೆಯ ಮುಖ ಮಾವನ ಶರ್ಟಿಗೆ ಬಂತು.

ಅಂದಿನಿಂದ ನನ್ನ ನಿಯಮ: ಒಂದೇ ಗೋಡೆಗೆ ಹೊಸ ಬಣ್ಣ ಇದ್ದರೆ ಆ ಗೋಡೆಯ ಕತೆ ಕೇಳು. ಮೇಲಿನ ಮಹಡಿಯಾದರೆ ತಾರಸಿಗೆ ಹತ್ತಿ ನೋಡಿ. ಮೇಲೆ ಪತ್ರಾ ಶೆಡ್, ಅಂದರೆ ತಗಡಿನ ಮಾಡು, ಹಾಕಿಸಿದ್ದರೆ ಧೈರ್ಯ ಮಾಡಬಹುದು. ಬರೀ ನೀಲಿ ತಾಡಪತ್ರಿ ಹೊದಿಸಿದ್ದರೆ ಸೋರುತ್ತದೆ ಅಂತ ಅವರೇ ಒಪ್ಪಿಕೊಂಡ ಹಾಗೆ.

ನೆಲಮಹಡಿಯಾದರೆ ಬೇರೆ ಪ್ರಶ್ನೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ಹಳಬರು ಇವತ್ತಿಗೂ ಅದನ್ನು ಅಳತೆಗೋಲಾಗಿ ಇಟ್ಟುಕೊಂಡಿದ್ದಾರೆ. "26 ಜುಲೈಗೆ ಇಲ್ಲಿ ನೀರು ಎಲ್ಲಿಯ ತನಕ ಬಂದಿತ್ತು?" ಅಂತ ಪಕ್ಕದ ಕಿರಾಣಿ ಅಂಗಡಿಯವನನ್ನು ಕೇಳಿ. ಮೊಣಕಾಲು ಅನ್ನುತ್ತಾನಾ, ಸೊಂಟ ಅನ್ನುತ್ತಾನಾ ನೋಡಿ. ಬ್ರೋಕರ್‌ನನ್ನು ಕೇಳಬೇಡಿ.

ಡಿಪಾಸಿಟ್ ಪೂರ್ತಿ ವಾಪಸ್ ಬರುತ್ತದಾ?

ಆ ಹಸಿರು ಗೋಡೆಯ ಮನೆ ಬಿಡುವಾಗ ಮಾಲೀಕ ನನ್ನ ಡಿಪಾಸಿಟ್‌ನಲ್ಲಿ 18,000 ಮುರಿದುಕೊಂಡ. ಯಾಕೆ ಗೊತ್ತಾ? "ಗೋಡೆ ಹಾಳು ಮಾಡಿದ್ದೀರಿ, ಪೇಂಟಿಂಗ್ ಮಾಡಿಸಬೇಕು." ಸೋರಿದ್ದು ಅವನ ತಾರಸಿ, ಹಾಳಾದದ್ದು ನನ್ನ ಆಲ್ಬಮ್, ದುಡ್ಡೂ ನನ್ನದೇ. ನನ್ನ ಹತ್ತಿರ ಒಂದು ಫೋಟೋ ಕೂಡ ಇರಲಿಲ್ಲ. ಹೇಳಿದ್ದೆಲ್ಲ ಬಾಯಿ ಮಾತು.

ಈಗ ಹೀಗೆ ಮಾಡುತ್ತೇನೆ. ಸಾಮಾನು ಇಳಿಸುವ ಮೊದಲು ಖಾಲಿ ಮನೆಯ ವಿಡಿಯೋ ಮಾಡಿ ಮಾಲೀಕನಿಗೇ ವಾಟ್ಸ್‌ಆ್ಯಪ್ ಮಾಡುತ್ತೇನೆ. ಏನು ಹಾಳಾದರೂ ಅದೇ ದಿನ ಫೋಟೋ ಕಳಿಸುತ್ತೇನೆ. ಪೇಂಟಿಂಗ್ ಖರ್ಚು ಯಾರದು, ಡಿಪಾಸಿಟ್ ಕೀಲಿ ಕೊಟ್ಟ ದಿನವೇ ಕೊಡಬೇಕಾ ಅನ್ನುವುದನ್ನು ಅಗ್ರಿಮೆಂಟಿನಲ್ಲಿ ಒಂದು ಸಾಲಾಗಿ ಬರೆಸುತ್ತೇನೆ. ಕೊನೇ ಎರಡು ತಿಂಗಳ ಬಾಡಿಗೆಯನ್ನು ಡಿಪಾಸಿಟ್‌ನಲ್ಲೇ ಹೊಂದಿಸಿಕೊಳ್ಳಿ ಅಂತ ಮೊದಲೇ ಒಪ್ಪಿಸಿಕೊಂಡವರೂ ಇದ್ದಾರೆ. ಒಪ್ಪಿದರೆ ಲಾಭ.

ಬ್ರೋಕರ್ ಇಲ್ಲದೆ ಸಿಗುತ್ತದಾ? ನಮ್ಮವರ ಮೂಲಕ?

ಸಿಗುತ್ತದೆ. ಆದರೆ ಫೋನಿನಲ್ಲಿ ಸಿಗುವುದಿಲ್ಲ, ಓಡಾಡಿದರೆ ಸಿಗುತ್ತದೆ. ಮಾಟುಂಗಾದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘ, ಕುರ್ಲಾದ ಬಂಟರ ಸಂಘ, ಸಾಂತಾಕ್ರೂಜ್‌ನ ಬಿಲ್ಲವ ಭವನ ಇವೆಲ್ಲ ಮನೆ ಕೊಡಿಸುವ ಆಫೀಸುಗಳಲ್ಲ. ಕಾರ್ಯಕ್ರಮಕ್ಕೆ ಹೋಗಿ, ಮುಗಿದ ಮೇಲೆ ಊಟದ ಸಾಲಿನಲ್ಲಿ ನಿಂತಾಗ "ಎಲ್ಲಿ ಇರುವುದು?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಆಗ ಹೇಳಿ. ಮಳೆಗಾಲದಲ್ಲಿ ಊರಿನ ಯಕ್ಷಗಾನ ಕಲಾವಿದರು ಮುಂಬಯಿಗೆ ಬರುತ್ತಾರಲ್ಲ, ಆ ಸಭಾಗೃಹದ ಹೊರಗೆ ಚಹಾ ಕುಡಿಯುತ್ತಾ ನನಗೆ ಡೊಂಬಿವಲಿಯ ಮನೆ ಗೊತ್ತಾಯಿತು. ನಿಮ್ಮ ಏರಿಯಾದ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತವರಿಗೆ ಯಾವ ಬಿಲ್ಡಿಂಗ್‌ನಲ್ಲಿ ಯಾರು ಖಾಲಿ ಮಾಡುತ್ತಿದ್ದಾರೆ ಅಂತ ಬ್ರೋಕರ್‌ಗಿಂತ ಮೊದಲೇ ಗೊತ್ತಿರುತ್ತದೆ.

ಆದರೆ "ನಮ್ಮವರೇ ಅಲ್ವಾ, ಕಾಗದ ಯಾಕೆ" ಅನ್ನುವ ಮಾತಿಗೆ ಮರುಳಾಗಬೇಡಿ. ನಮ್ಮವರ ಗೋಡೆಯೂ ಸೋರುತ್ತದೆ.

ಆನ್‌ಲೈನ್‌ನಲ್ಲಿ ನೋಡುವಾಗ ಒಂದು ಮೋಸ ಚೆನ್ನಾಗಿ ಗೊತ್ತಿರಲಿ. ಫೋಟೋ ಚೆಂದ, ಬಾಡಿಗೆ ಅರ್ಧ. ಮಾಲೀಕ ತಾನು ಮಿಲಿಟರಿಯಲ್ಲಿ ಇದ್ದೇನೆ, ಬೇರೆ ಊರಿಗೆ ವರ್ಗ ಆಗಿದೆ ಅನ್ನುತ್ತಾನೆ. ಐಡಿ ಕಾರ್ಡಿನ ಫೋಟೋ ಕೂಡ ಕಳಿಸುತ್ತಾನೆ. ಮನೆ ನೋಡಲು ಗೇಟ್ ಪಾಸ್‌ಗೆ, ಟೋಕನ್‌ಗೆ ಕ್ಯೂಆರ್ ಕೋಡ್ ಕಳಿಸುತ್ತಾನೆ. ಸ್ಕ್ಯಾನ್ ಮಾಡಿದಿರೋ, ದುಡ್ಡು ಹೋಯಿತು. ಮನೆಯೊಳಗೆ ಕಾಲಿಡದೆ, ಮಾಲೀಕನ ಹೆಸರಿನ ಸೊಸೈಟಿ (ಕಟ್ಟಡದ ಮನೆ ಮಾಲೀಕರ ಸಂಘ) ಬಿಲ್ ನೋಡದೆ ಒಂದು ರೂಪಾಯಿಯೂ ಕೊಡಬೇಡಿ.

ನೀರು ಹೇಗೆ?

ಮುಂಬಯಿಯಲ್ಲಿ ಪಾಲಿಕೆಯ ನೀರು ಏರಿಯಾಕ್ಕೆ ಇಂತಿಷ್ಟು ಹೊತ್ತು ಅಂತ ಬರುತ್ತದೆ. ದೊಡ್ಡ ಸೊಸೈಟಿಗಳು ಟಾಕಿ ತುಂಬಿಸಿಕೊಂಡು ದಿನವಿಡೀ ಬಿಡುತ್ತವೆ. ಸಣ್ಣವು ಬೆಳಿಗ್ಗೆ ಒಂದು ಗಂಟೆ, ಸಂಜೆ ಅರ್ಧ ಗಂಟೆ ಬಿಡುತ್ತವೆ. ಆಚೆಯ ಊರುಗಳಲ್ಲಿ ಎಷ್ಟೋ ಕಟ್ಟಡಗಳು ಟ್ಯಾಂಕರ್ ಮೇಲೆ ನಿಂತಿವೆ. ಟ್ಯಾಂಕರ್ ಖರ್ಚು ಬಾಡಿಗೆಯಲ್ಲಿ ಸೇರಿದೆಯಾ, ಬೇರೆಯಾ ಅಂತ ಕೇಳಲು ಮರೆಯಬೇಡಿ.

ಪಕ್ಕದ ಮನೆಯವರಿಗೆ ಮರಾಠಿಯಲ್ಲೇ ಕೇಳಿ: "ಪಾಣಿ ಕಿತೀ ವಾಜತಾ ಯೇತೆ?" ನೀರು ಎಷ್ಟು ಗಂಟೆಗೆ ಬರುತ್ತದೆ ಅಂತ. ಬಾತ್‌ರೂಮಿನಲ್ಲಿ 200 ಲೀಟರಿನ ನೀಲಿ ಡ್ರಮ್ಮು ಕಂಡರೆ ಕೇಳುವುದೇ ಬೇಡ, ಉತ್ತರ ಅಲ್ಲೇ ಇದೆ.

ಬ್ಯಾಚುಲರ್‌ಗಳಿಗೆ ಕೊಡುವುದಿಲ್ಲವಂತೆ? ಮೀನು ತಿನ್ನುವವರಿಗೂ?

ಎರಡೂ ನಿಜ, ಎರಡೂ ಬೇಸರದ ವಿಷಯ. "ಫ್ಯಾಮಿಲಿ ಮಾತ್ರ", "ವೆಜ್ ಮಾತ್ರ" ಅಂತ ಮುಖದ ಮೇಲೆ ಹೇಳುವ ಸೊಸೈಟಿಗಳಿವೆ. ಅಡ್ಡಹೆಸರು ಕೇಳಿ, ಧರ್ಮ ಕೇಳಿ ಬಾಗಿಲು ಮುಚ್ಚುವವರೂ ಇದ್ದಾರೆ. ನಾನು ಕರಾವಳಿಯವನು. ಸೌತ್ ಇಂಡಿಯನ್ ಅಂದ ಕೂಡಲೇ ಬ್ರೋಕರ್ ನನ್ನನ್ನು ಇಡ್ಲಿ ಸಾಂಬಾರಿನವನು ಅಂತ ತಿಳಿದು ವೆಜ್ ಬಿಲ್ಡಿಂಗ್‌ಗೆ ಕರೆದುಕೊಂಡು ಹೋಗಿದ್ದ. ಸುಮ್ನೆ ಹೌದು ಅಂದು ಒಳಗೆ ಸೇರಿಕೊಳ್ಳಬಹುದಿತ್ತು. ಆದರೆ ಊರಿನಿಂದ ಅಮ್ಮ ಕಟ್ಟಿಕೊಟ್ಟ ಒಣ ಸಿಗಡಿಯನ್ನು ಹುರಿದರೆ ಮೂರು ಮಹಡಿಗೆ ಸುದ್ದಿ ಹೋಗುತ್ತದೆ. ಕದ್ದು ತಿನ್ನುವ ಬಾಳು ಬೇಡ ಅಂತ ಬಿಟ್ಟೆ. ಮೊದಲ ಫೋನಿನಲ್ಲೇ ಕೇಳಿಬಿಡಿ, ಓಡಾಟ ಉಳಿಯುತ್ತದೆ. ಬ್ಯಾಚುಲರ್‌ಗಳು ಇಬ್ಬರು ಮೂವರು ಸೇರಿ ಕಂಪನಿಯ ಲೆಟರ್ ಹಿಡಿದು ಹೋದರೆ ಸ್ವಲ್ಪ ಬಾಗಿಲು ತೆರೆಯುತ್ತದೆ.

ಚಾಳಿನಲ್ಲಿ ಇರಬಹುದಾ?

ಇರಬಹುದು, ನಾವು ನಾಲ್ಕು ವರ್ಷ ಇದ್ದೆವು. ಭಾಂಡೂಪ್‌ನ ನಮ್ಮ ಖೋಲಿ 10 ಅಡಿ ಉದ್ದ, 12 ಅಡಿ ಅಗಲ. ಮೋರಿ, ಅಂದರೆ ಸ್ನಾನ ಮಾಡುವ, ಪಾತ್ರೆ ತೊಳೆಯುವ ಮೂಲೆ, ಒಳಗೆ. ಶೌಚಾಲಯ ಹೊರಗೆ, ಎಲ್ಲರಿಗೂ ಸೇರಿ. ಬೆಳಿಗ್ಗೆ ಐದೂವರೆಗೆ ನೀರು. ಬಾಗಿಲು ಹಾಕಿಕೊಂಡರೆ ಮೈಗೆ ಹುಷಾರಿಲ್ಲವಾ ಅಂತ ವಿಚಾರಿಸಲು ಬರುತ್ತಿದ್ದರು. ಮಗಳು ಹುಟ್ಟಿದಾಗ ಹೆಂಡತಿಗೆ 40 ದಿನ ಊಟ ಬಂದದ್ದು ಪಕ್ಕದ ಮೂರು ಖೋಲಿಗಳಿಂದ. ಹೋಗಿ ನೋಡುವಾಗ ಶೌಚಾಲಯ ಎಷ್ಟು ದೂರ, ರಾತ್ರಿ ದಾರಿಯಲ್ಲಿ ದೀಪ ಇದೆಯಾ, ಮೀಟರ್ ನಿಮ್ಮ ಖೋಲಿಗೆ ಬೇರೆ ಇದೆಯಾ, ಈ ಮೂರು ನೋಡಿ. ಗುಡ್ಡದ ಬುಡದಲ್ಲಿದ್ದರೆ ಬೇಡ. ಮಳೆಗಾಲದಲ್ಲಿ ಮಣ್ಣು ಜಾರುತ್ತದೆ.

ಬಾಡಿಗೆ ತುಂಬಾ ಕಡಿಮೆ, ಕಟ್ಟಡ ಹಳೆಯದು. ಹೋಗಬಹುದಾ?

ಕಡಿಮೆ ಯಾಕೆ ಅಂತ ಕೇಳಿ. ರೀಡೆವಲಪ್‌ಮೆಂಟ್‌ಗೆ, ಅಂದರೆ ಕೆಡವಿ ಹೊಸದಾಗಿ ಕಟ್ಟಲು, ಹೋಗುವ ಕಟ್ಟಡವಾದರೆ ಬಿಲ್ಡರ್ ಕೊಡುವ ಬದಲಿ ಬಾಡಿಗೆ ಮಾಲೀಕನಿಗೆ ಸಿಗುತ್ತದೆ. ನೀವು ಗಂಟು ಕಟ್ಟಿ ಹೊರಡಬೇಕು. ಪಾಲಿಕೆಯವರು ಕಟ್ಟಡವನ್ನು ಸಿ-1 ಅಂತ ಗುರುತಿಸಿದ್ದರೆ ಅದು ಅಪಾಯದ್ದು, ಖಾಲಿ ಮಾಡಲೇಬೇಕಾದದ್ದು ಅಂತ ಅರ್ಥ. ಅಂಥಲ್ಲಿ ಪುಕ್ಕಟೆ ಕೊಟ್ಟರೂ ಬೇಡ. ಪಿಲ್ಲರಿನಲ್ಲಿ ಕಬ್ಬಿಣ ಹೊರಗೆ ಕಾಣುತ್ತಿದ್ದರೆ ಪಾಲಿಕೆಯ ಸಿ-1 ಪಟ್ಟಿ ನೋಡುವ ಅಗತ್ಯವೂ ಇಲ್ಲ.

ಸೊಸೈಟಿ, ಪೊಲೀಸ್, ಲೈಟ್ ಬಿಲ್ಲು?

ಬೇಗ ಹೇಳುತ್ತೇನೆ. ಬಾಡಿಗೆದಾರರ ಮಾಹಿತಿಯನ್ನು ಪೊಲೀಸರಿಗೆ ಕೊಡುವುದು ಮಾಲೀಕನ ಕೆಲಸ. ಆನ್‌ಲೈನ್‌ನಲ್ಲಿ ಆಗುತ್ತದೆ, ಅದರ ಪ್ರತಿ ಇಟ್ಟುಕೊಳ್ಳಿ. ಮನೆಯಲ್ಲಿ ಮಾಲೀಕ ಇಲ್ಲದಿದ್ದರೆ ಸೊಸೈಟಿ ನಾನ್-ಆಕ್ಯುಪೆನ್ಸಿ ಚಾರ್ಜ್ ಹಾಕುತ್ತದೆ. 2001ರ ಸರ್ಕಾರಿ ಆದೇಶದಂತೆ ಅದು ಸರ್ವಿಸ್ ಚಾರ್ಜಿನ 10% ದಾಟುವ ಹಾಗಿಲ್ಲ. ಮೇಂಟೆನೆನ್ಸ್ ಯಾರು ಕಟ್ಟುವುದು ಅಂತ ಮೊದಲೇ ಮಾತಾಡಿ. ಸಾಮಾನ್ಯವಾಗಿ ಮಾಲೀಕ.

ಕರೆಂಟ್ ಕೊಡುವ ಕಂಪನಿಗಳು ಏರಿಯಾಕ್ಕೆ ತಕ್ಕ ಹಾಗೆ ಬೇರೆ ಬೇರೆ. ದಕ್ಷಿಣದ ನಗರ ಭಾಗಕ್ಕೆ ಬೆಸ್ಟ್, ಉಪನಗರಗಳ ಬಹುಭಾಗಕ್ಕೆ ಅದಾನಿ ಮತ್ತು ಟಾಟಾ, ಭಾಂಡೂಪ್, ಮುಲುಂಡ್‌ನಿಂದ ಆಚೆ ಮಹಾವಿತರಣ. ಹಿಂದಿನವರ ಬಾಕಿ ಇದೆಯಾ ನೋಡಲು ಕೊನೆಯ ಬಿಲ್ ಕೇಳಿ. ಬಾಡಿಗೆ ವರ್ಷಕ್ಕೆ 1 ಲಕ್ಷ ದಾಟಿ, ಹಳೇ ತೆರಿಗೆ ಪದ್ಧತಿಯಲ್ಲಿ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ವಿನಾಯಿತಿ ಬೇಕಿದ್ದರೆ ಮಾಲೀಕನ ಪ್ಯಾನ್ ಬೇಕು. ಮಾರ್ಚ್‌ನಲ್ಲಿ ಕೇಳಿದರೆ ಮುಖ ತಿರುಗಿಸುತ್ತಾರೆ, ಅಗ್ರಿಮೆಂಟ್ ಮಾಡುವ ದಿನವೇ ತೆಗೆದುಕೊಳ್ಳಿ.

ಬಾಡಿಗೆ ಕಟ್ಟುವ ಬದಲು ಸಣ್ಣದೊಂದು ಕೊಂಡುಬಿಡೋಣವಾ? ಮ್ಹಾಡಾ ಲಾಟರಿ?

ಬಂದ ಮೊದಲ ವರ್ಷ ಕೊಳ್ಳಬೇಡಿ. ಮ್ಹಾಡಾ ಅಂದರೆ ಸರ್ಕಾರದ ಗೃಹ ಮಂಡಳಿ, ಲಾಟರಿ ಎತ್ತಿ ಮನೆ ಮಾರುತ್ತದೆ. ಅದರ ಲಾಟರಿಗೆ ಮಹಾರಾಷ್ಟ್ರದ ಡೊಮಿಸೈಲ್, ಅಂದರೆ ವಾಸದ ಪ್ರಮಾಣಪತ್ರ, ಬೇಕು. ಅದಕ್ಕೆ ಇಲ್ಲಿ 15 ವರ್ಷ ವಾಸ ಇರಬೇಕು. ಮುಂಬಯಿ ಪ್ರದೇಶದಲ್ಲಿ ಕುಟುಂಬದ ವರ್ಷದ ಆದಾಯ 6 ಲಕ್ಷದ ತನಕ ಇದ್ದರೆ ಒಂದು ವರ್ಗ, 9 ಲಕ್ಷದ ತನಕ ಇನ್ನೊಂದು. ನನಗೆ 15 ವರ್ಷ ಕಳೆದ ವರ್ಷ ತುಂಬಿತು. ಹಳೇ ಬಾಡಿಗೆ ಅಗ್ರಿಮೆಂಟುಗಳನ್ನು ನಾನು ಎಸೆಯದೆ ಇಟ್ಟಿದ್ದು ಎಷ್ಟು ಒಳ್ಳೆಯದಾಯಿತು ಅಂತ ಈಗ ಗೊತ್ತಾಗುತ್ತಿದೆ. ನೀವೂ ಇಡಿ.

ಬಿಲ್ಡರ್ ಹತ್ತಿರ ಕೊಳ್ಳುವುದಾದರೆ ಮಹಾರೇರಾ (ಬಿಲ್ಡರ್‌ಗಳ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ) ನಂಬರ್ ಕೇಳಿದರಷ್ಟೇ ಸಾಲದು. ಡೊಂಬಿವಲಿ ಕಡೆ ಖೊಟ್ಟಿ ದಾಖಲೆ ಕೊಟ್ಟು ರೇರಾ ನಂಬರ್ ಪಡೆದ 65 ಕಟ್ಟಡಗಳನ್ನು ಕೆಡವಲು 2024ರಲ್ಲಿ ಬಾಂಬೆ ಹೈಕೋರ್ಟ್ ಆದೇಶ ಕೊಟ್ಟಿತು. ಒಳಗೆ ಸಾಲ ಮಾಡಿ ಕೊಂಡ ಸಂಸಾರಗಳಿದ್ದವು. ಪಾಲಿಕೆಗೆ ಹೋಗಿ ಆ ಕಟ್ಟಡಕ್ಕೆ ಪರವಾನಗಿ ಕೊಟ್ಟದ್ದು ಹೌದಾ ಅಂತ ಅಲ್ಲೇ ಕೇಳಿ. ಖರ್ಚಿನ ಲೆಕ್ಕಕ್ಕೆ, ಮುಂಬಯಿ ನಗರದಲ್ಲಿ ಸ್ಟ್ಯಾಂಪ್ ಡ್ಯೂಟಿ 6%, ಹೆಂಗಸರ ಹೆಸರಿಗೆ 1% ಕಡಿಮೆ.

ಮನೆ ಸಿಕ್ಕಿತು. ಊರಿನಿಂದ ಏನೇನು ತರಲಿ?

ಮಂಚ, ಸೋಫಾ ಬೇಡ. 11 ತಿಂಗಳಿಗೋ 22 ತಿಂಗಳಿಗೋ ಮತ್ತೆ ಕಟ್ಟಬೇಕು, ಲಿಫ್ಟ್ ಇಲ್ಲದ ಕಟ್ಟಡದಲ್ಲಿ ಹಮಾಲಿಗಳು ಮಹಡಿ ಲೆಕ್ಕದಲ್ಲಿ ದುಡ್ಡು ಕೇಳುತ್ತಾರೆ. ಗ್ರೈಂಡರ್ ತನ್ನಿ, ಕುಚ್ಚಲಕ್ಕಿ ತನ್ನಿ. ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನಲ್ಲಿ ಬರುವುದಾದರೆ ಕುರ್ಲಾದ ಎಲ್‌ಟಿಟಿಯಲ್ಲಿ (ಲೋಕಮಾನ್ಯ ತಿಲಕ್ ಟರ್ಮಿನಸ್) ಇಳಿಯುತ್ತೀರಿ. ಅಲ್ಲಿಂದ ರಿಕ್ಷಾ ಉಪನಗರಗಳ ಕಡೆಗೆ ಮಾತ್ರ ಬರುತ್ತದೆ, ದಾದರ್ ಕಡೆ ಹೋಗುವುದಾದರೆ ಟ್ಯಾಕ್ಸಿಯೇ ಬೇಕು. ಬಂದ ದಿನ ಮೊದಲು ವಿಡಿಯೋ, ಆಮೇಲೆ ಮೀಟರ್ ರೀಡಿಂಗಿನ ಫೋಟೋ, ಆಮೇಲೆ ಬೀಗದ ಸಿಲಿಂಡರ್ ಬದಲಿಸುವುದು. ದೇವರ ಫೋಟೋ, ಹಾಲುಕ್ಕಿಸುವುದು ಅದಾದ ಮೇಲೆ. ರಾತ್ರಿ ಮಲಗುವ ಮೊದಲು ನಲ್ಲಿಯ ಕೆಳಗೆ ಬಕೆಟ್ ಇಟ್ಟು, ನಲ್ಲಿ ಸ್ವಲ್ಪ ತೆರೆದಿಡಿ. ಬೆಳಿಗ್ಗೆ ನೀರು ಬೀಳುವ ಸದ್ದಿಗೆ ಎಚ್ಚರವಾದಾಗ ಗಡಿಯಾರ ನೋಡಿ. ಆ ಹೊತ್ತನ್ನು ಬಾಗಿಲ ಹಿಂದೆ ಬರೆದಿಡಿ.